ಕೆಟ್ಟದ್ದು ಮಾಡ್ಯೂಲೋ, ನಮ್ಮ ತಾಳ್ಮೆಯೋ?



ನಮ್ಮ ಭಾಗದ ಪ್ರೌಢಶಾಲೆಗಳಲ್ಲಿ ಶಿಕ್ಷಕರಾಗಿರುವ ನನ್ನ ಹಳೆಯ ವಿದ್ಯಾರ್ಥಿಗಳು ಇಬ್ಬರು ಮೂವರು ಈಚೆಗೆ ಒಂದೇ ಬಗೆಯ ಸಂಗತಿಯನ್ನು ಹೇಳಿದರು. ಅವರ ಪ್ರಯೋಗಾಲಯದಲ್ಲಿ ಒಂದು ಡಬ್ಬಿ ಇದೆಯಂತೆ. ಮೇಲೆ ‘ಕೆಟ್ಟಿವೆ’ ಎಂಬ ಚೀಟಿ, ಒಳಗೆ ಅಂಚೆಚೀಟಿಯಷ್ಟೇ ಅಗಲದ ರೇಡಿಯೊ ಮಾಡ್ಯೂಲುಗಳು. ಮಣ್ಣಿನ ತೇವವನ್ನೋ ತೊಟ್ಟಿಯ ನೀರಿನ ಮಟ್ಟವನ್ನೋ ತಂತಿಯಿಲ್ಲದೆ ದೂರಕ್ಕೆ ತಿಳಿಸಲೆಂದು ಕೊಂಡ ಬಿಲ್ಲೆಗಳು ಅವು. ಅವುಗಳಲ್ಲಿ ಹೆಚ್ಚಿನವು ಕೆಟ್ಟಿರಲಾರವು ಎಂಬುದು ನನ್ನ ಬಲವಾದ ಅಭಿಪ್ರಾಯ. ಕೆಟ್ಟಿದೆ ಎಂದು ತೀರ್ಪು ಕೊಡುವ ಮುನ್ನ ನಡೆಸಬೇಕಾದ ವಿಚಾರಣೆಯನ್ನು ನಾವು ಮಕ್ಕಳಿಗೆ ಕಲಿಸಿಲ್ಲ, ಅಷ್ಟೆ.

ಸಲಕರಣೆಗೆ ಈಗ ಅಷ್ಟೇನೂ ಬರವಿಲ್ಲ. ನೀತಿ ಆಯೋಗವು 2016ರಲ್ಲಿ ಆರಂಭಿಸಿದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿಯವರೆಗೆ ನೆರವು ದೊರೆಯಿತು. ಹಿಂದೆ ಹೀಗಿರಲಿಲ್ಲ. 2000ರ ದಶಕದ ನಡುವಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಸ್ವಿಟ್ಜರ್ಲೆಂಡಿನ ಲೋಸಾನ್ ನಗರದ ತಾಂತ್ರಿಕ ಸಂಸ್ಥೆಯೊಡಗೂಡಿ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ, ಮಳೆಯನ್ನೇ ನಂಬಿದ ಸಣ್ಣ ರೈತರಿಗಾಗಿ ಇಂಥ ನಿಸ್ತಂತು ಸಂವೇದಕಗಳ ಜಾಲವನ್ನು ಹೂಡಿ ನೋಡಿದರು. ಅಂದು ದೊಡ್ಡ ಸಂಸ್ಥೆಗಳಿಗಷ್ಟೇ ಸಾಧ್ಯವಾಗಿದ್ದ ಆ ಪ್ರಯೋಗದ ಚಿಕ್ಕ ರೂಪವನ್ನು ಇಂದು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೆಲವು ನೂರು ರೂಪಾಯಿಗಳಲ್ಲಿ ಮಾಡಬಲ್ಲಳು. ಸಾಮಗ್ರಿ ಅಗ್ಗವಾಯಿತು, ಆದರೆ ಅದರೊಂದಿಗೆ ಬರಬೇಕಾದ ಶಿಸ್ತು ಬರಲಿಲ್ಲ. ವಿಡಿಯೊ ನೋಡಿ ಬಣ್ಣಬಣ್ಣದ ತಂತಿ ಸಿಕ್ಕಿಸುವುದು, ಕೆಲಸ ಮಾಡದಿದ್ದರೆ ಡಬ್ಬಿಗೆ ಎಸೆಯುವುದು, ಇಷ್ಟೇ ನಡೆಯುತ್ತಿದೆ.

ವಿಚಾರಣೆ ಎಂದರೇನು, ಒಂದು ಉದಾಹರಣೆಯಿಂದ ಹೇಳುತ್ತೇನೆ. ಮಕ್ಕಳ ಕೈಗೆ ಹೆಚ್ಚಾಗಿ ಸಿಗುವುದು ಎನ್‌ಆರ್‌ಎಫ್24ಎಲ್01 ಎಂಬ ಮಾಡ್ಯೂಲು. ಅದಕ್ಕೆ ಬೇಕಾದ ವಿದ್ಯುತ್ತು 1.9ರಿಂದ 3.6 ವೋಲ್ಟ್. 5 ವೋಲ್ಟ್ ಕೊಟ್ಟರೆ ನಿಜಕ್ಕೂ ಸುಟ್ಟುಹೋದೀತು. ಆದರೆ 3.3 ವೋಲ್ಟನ್ನೇ ಕೊಟ್ಟೂ ಸುಮ್ಮನಿರುವ ಮಾಡ್ಯೂಲುಗಳೇ ಹೆಚ್ಚು. ಉದ್ದನೆಯ ಆಂಟೆನಾ ಇರುವ, ಶಕ್ತಿವರ್ಧಕ ಸೇರಿಸಿದ ಬಗೆಯು ಸಂದೇಶ ಕಳಿಸುವ ಕ್ಷಣದಲ್ಲಿ 100 ಮಿಲಿಆಂಪಿಯರಿಗೂ ಮಿಕ್ಕಿ ಪ್ರವಾಹ ಬೇಡುತ್ತದೆ. ಆರ್ಡುಯಿನೋ ಯುನೋ ಫಲಕದ 3.3 ವೋಲ್ಟ್ ಪಿನ್ನಿಗೆ ತಯಾರಕರು ಹೇಳಿರುವ ಮಿತಿ 50 ಮಿಲಿಆಂಪಿಯರ್ ಮಾತ್ರ. ಹೀಗಾಗಿ ಬಾಯಿ ತೆರೆಯುವ ಹೊತ್ತಿಗೇ ವೋಲ್ಟೇಜು ಕುಸಿದು ಮಾಡ್ಯೂಲು ಮೂಕವಾಗುತ್ತದೆ. ಇದಕ್ಕೆ ಪರಿಹಾರ ಪ್ರತ್ಯೇಕವಾದ 3.3 ವೋಲ್ಟ್ ರೆಗ್ಯುಲೇಟರು. ಚಿಕ್ಕ ಬಗೆಯದಾದರೆ ಅದರ ವಿದ್ಯುತ್ ಪಿನ್ನುಗಳಿಗೆ ಅಂಟಿಕೊಂಡಂತೆ ಬೆಸೆದ 10 ಮೈಕ್ರೋಫ್ಯಾರಡ್ ಕೆಪಾಸಿಟರು ಎಷ್ಟೋ ಸಲ ಸಾಕಾಗುತ್ತದೆ. ಕೆಲವೇ ರೂಪಾಯಿಯ ಆ ಕೆಪಾಸಿಟರು ಹೊಲದ ಪಕ್ಕದ ಸಣ್ಣ ಹೊಂಡವಿದ್ದಂತೆ. ಕಾಲುವೆಯ ನೀರು ಬರುವುದು ತಡವಾದರೆ ಆ ಗಳಿಗೆಯ ಬಾಯಾರಿಕೆಯನ್ನು ಅದು ತೀರಿಸುತ್ತದೆ.

ಆದ್ದರಿಂದ ಮೊದಲ ಹೆಜ್ಜೆ, ಮಲ್ಟಿಮೀಟರಿನಿಂದ ಮಾಡ್ಯೂಲಿನ ಪಿನ್ನಿನಲ್ಲಿಯೇ ವೋಲ್ಟೇಜು ಅಳೆಯುವುದು, ವಿದ್ಯುತ್ ಹೊರಡುವ ಕಡೆಯಲ್ಲಲ್ಲ. ಎರಡನೆಯದು, ಎಲ್ಲ ಫಲಕಗಳ ಗ್ರೌಂಡ್ ತಂತಿ ಒಂದಕ್ಕೊಂದು ಸೇರಿದೆಯೇ ಎಂದು ನೋಡುವುದು. ಮೂರನೆಯದು, ಬೆಸುಗೆ. ಗದುಗಿನ ಹಳೆಯ ರೇಡಿಯೊ ರಿಪೇರಿಯವರು ‘ಡ್ರೈ ಸೋಲ್ಡರ್’ ಎಂದು ಗದರುತ್ತಿದ್ದ ಆ ಮಂಕು ಬಣ್ಣದ ಬೆಸುಗೆ ಇಂದಿಗೂ ಅದೇ ಕಾಟ ಕೊಡುತ್ತದೆ. ನಾಲ್ಕನೆಯದು, ಮಾಡ್ಯೂಲನ್ನು ಮಾತನಾಡಿಸಿ ನೋಡುವುದು. ಅದರ ಒಳಗಿನ ರಿಜಿಸ್ಟರನ್ನು ಓದಿದಾಗ ಎಲ್ಲೆಲ್ಲೂ 0 ಅಥವಾ ಎಲ್ಲೆಲ್ಲೂ 255 ಬಂದರೆ ಮೊದಲ ಅನುಮಾನ ತಂತಿಯ ಮೇಲೆ ಬೀಳಬೇಕು, ಗಾಳಿಯಲ್ಲಿ ಹೋಗುವ ಅಲೆಯ ಮೇಲಲ್ಲ. ಇಷ್ಟು ಸರಿಯಿದ್ದ ಮೇಲೆಯೇ ಐದನೆಯದು: ಎರಡೂ ತುದಿಗಳಲ್ಲಿ ಚಾನೆಲ್, ವೇಗ, ವಿಳಾಸ ಒಂದೇ ಆಗಿವೆಯೇ ಎಂಬುದು. ಕೊನೆಗೆ, ಕೆಲಸ ಮಾಡುತ್ತಿರುವ ಜೋಡಿಯೊಂದನ್ನು ತಂದು ಒಂದು ತುದಿಯಲ್ಲಿ ಮಾತ್ರ ಬದಲಿಸಿ ನೋಡುವುದು. ಒಂದು ಸಲಕ್ಕೆ ಒಂದನ್ನೇ ಬದಲಿಸು ಎಂಬ ಈ ನಿಯಮವೇ ವಿಜ್ಞಾನದ ತಿರುಳು.

ದೂರದ ಹೊಲಕ್ಕೆ ಬಳಸುವ ಲೋರಾ ಮಾಡ್ಯೂಲುಗಳಲ್ಲಿ ಆಂಟೆನಾದ ಪ್ರಶ್ನೆ ಬರುತ್ತದೆ. ನಮ್ಮ ಬಾಲ್ಯದಲ್ಲಿ ಧಾರವಾಡ ಆಕಾಶವಾಣಿ ಕೇಳಿಬರುತ್ತಿದ್ದುದು 765 ಕಿಲೋಹರ್ಟ್ಸಿನಲ್ಲಿ. ಆ ಅಲೆಯ ಉದ್ದ ಸುಮಾರು 392 ಮೀಟರ್. 866 ಮೆಗಾಹರ್ಟ್ಸಿನ ಅಲೆಯ ಉದ್ದ 34.6 ಸೆಂಟಿಮೀಟರ್; ಅದರ ಕಾಲುಭಾಗ, ಎಂದರೆ ಸುಮಾರು 8.6 ಸೆಂಟಿಮೀಟರಿನ ನೆಟ್ಟನೆಯ ತಂತಿಯೇ ಆಂಟೆನಾ. ಬೆಳಕಿನ ವೇಗವನ್ನು ಕಂಪನಾಂಕದಿಂದ ಭಾಗಿಸುವ ಈ ಲೆಕ್ಕವನ್ನು ನೀವೆಲ್ಲ ಪರೀಕ್ಷೆಗಾಗಿ ಮಾಡಿದ್ದೀರಿ. ಅದು ಉಪಯೋಗಕ್ಕೆ ಬರುವ ಜಾಗ ಇದು. ಆಂಟೆನಾ ಇಲ್ಲದೆ ಸಂದೇಶ ಕಳಿಸಿದರೆ ಮಾಡ್ಯೂಲಿಗೇ ಅಪಾಯ ಎಂಬುದನ್ನೂ ನೆನಪಿಡಬೇಕು.

ಕಾನೂನಿನ ಮಾತೂ ಇದೆ. ರೇಡಿಯೊ ಕೇಳಲು ಸಹ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಪರವಾನಗಿ ಪುಸ್ತಕ ಪಡೆಯಬೇಕಾಗಿದ್ದ ಕಾಲವನ್ನು ನನ್ನ ವಯಸ್ಸಿನ ಬಂಧುಗಳು ಮರೆತಿರಲಾರರು. ಇಂದು ನಿಗದಿತ ಶಕ್ತಿಯೊಳಗೆ ಕೆಲವು ಪಟ್ಟಿಗಳಲ್ಲಿ ಯಾರು ಬೇಕಾದರೂ ಪ್ರಸಾರ ಮಾಡಬಹುದು. 865ರಿಂದ 867 ಮೆಗಾಹರ್ಟ್ಸ್ ಪಟ್ಟಿಗೆ 2005ರಲ್ಲಿ ಈ ವಿನಾಯಿತಿ ಬಂದು, 2021ರಲ್ಲಿ 868ರವರೆಗೆ ವಿಸ್ತರಿಸಿತು. ಅಮೆರಿಕಕ್ಕೆಂದು ತಯಾರಾದ 915ರ ಮಾಡ್ಯೂಲು ಅಗ್ಗಕ್ಕೆ ಸಿಕ್ಕಿತೆಂದು ಕೊಂಡರೆ ಅದು ನಮ್ಮ ದೇಶದ ಪಟ್ಟಿಗೆ ಸೇರಿದ್ದಲ್ಲ.

ಇಷ್ಟೆಲ್ಲ ಏಕೆ ಹೇಳುತ್ತಿದ್ದೇನೆಂದರೆ, ಈ ಯಂತ್ರಗಳು ಬಹುಕಾಲ ಆಟಿಕೆಗಳಾಗಿ ಉಳಿಯುವುದಿಲ್ಲ. ಸೊರಟೂರ ಸುತ್ತಿನ ಎರೆಭೂಮಿಯನ್ನೇ ನೋಡಿ. ಒಣಗುತ್ತಾ ಬಂದಂತೆ ಈ ಮಣ್ಣು ಕುಗ್ಗಿ ಬಿರಿಯುತ್ತದೆ. ಬಿರುಕು ತೇವಮಾಪಕದ ಕಡ್ಡಿಯ ಪಕ್ಕದಲ್ಲೇ ಬಿಟ್ಟರೆ ಕಡ್ಡಿಗೂ ಮಣ್ಣಿಗೂ ಸಂಪರ್ಕ ತಪ್ಪಿ, ಗೇಣುದ್ದ ಆಚೆ ಕಡಲೆಯ ಬೇರಿಗೆ ಹಸಿ ಇದ್ದರೂ ಮಾಪಕವು ‘ಪೂರ್ತಿ ಒಣಗಿದೆ’ ಎಂದು ಹೇಳುತ್ತದೆ. ರೇಡಿಯೊ ಆ ಸುಳ್ಳನ್ನು ಅಕ್ಷರ ತಪ್ಪದೆ ತಲುಪಿಸುತ್ತದೆ. ಅದಕ್ಕಾಗಿ ಮಾಪಕವನ್ನು ನಮ್ಮ ಮಣ್ಣಿನಲ್ಲಿಯೇ ಒರೆಗೆ ಹಚ್ಚಬೇಕು: ಮಣ್ಣನ್ನು ತೂಗಿ, 105 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಒಂದು ದಿನ ಒಣಗಿಸಿ, ಮತ್ತೆ ತೂಗಿ, ಬಂದ ವ್ಯತ್ಯಾಸದೊಡನೆ ಮಾಪಕದ ಅಂಕಿಯನ್ನು ಹೋಲಿಸಬೇಕು.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಬ್ಯಾಟರಿ ಮುಗಿದು ರೇಡಿಯೊ ಮೌನವಾದಾಗ, ಬೇಜವಾಬ್ದಾರಿಯಿಂದ ಬರೆದ ಪ್ರೋಗ್ರಾಮು ಆ ಜಾಗದಲ್ಲಿ 0 ಎಂದು ಬರೆದುಕೊಳ್ಳುತ್ತದೆ. ‘ಮಳೆ 0’ ಎಂಬುದಕ್ಕೂ ‘ಸುದ್ದಿ ಬರಲಿಲ್ಲ’ ಎಂಬುದಕ್ಕೂ ಇರುವ ಅಂತರ ಎಷ್ಟೆಂದು ಒಕ್ಕಲುತನ ಮಾಡಿದವರಿಗೆ ಹೇಳಬೇಕಾಗಿಲ್ಲ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿ ವರದಿ ಕಳಿಸುವ ಮಳೆಮಾಪಕಗಳಿವೆ. ಹವಾಮಾನ ಆಧಾರಿತ ಬೆಳೆ ವಿಮೆಯ ಲೆಕ್ಕಕ್ಕೆ ಅಂಥ ಅಂಕಿಗಳೇ ಆಧಾರ. ನಾಳೆ ಅಂಥ ಯಂತ್ರಗಳನ್ನು ಹೂಡುವವರು, ಕಾಯುವವರು, ಪ್ರಶ್ನಿಸುವವರು ಇಂದಿನ ಈ ಮಕ್ಕಳೇ. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರನ್ನು ನಾವು ತಯಾರಿಸಬಾರದು. ಪ್ರತಿ ಸಂದೇಶದ ಜೊತೆ ಕ್ರಮಸಂಖ್ಯೆ, ಬ್ಯಾಟರಿಯ ವೋಲ್ಟೇಜು ಇರಲಿ. ಬಾರದ ಸಂದೇಶದ ಜಾಗ ಖಾಲಿಯಾಗಿಯೇ ಇರಲಿ.

ಪ್ರಯೋಗಕ್ಕೆ ಕೊಡುವ ಅಂಕಗಳನ್ನೂ ನಾವು ಬದಲಿಸಬೇಕು. ‘ಸರಿಯಾದ ಉತ್ತರ’ಕ್ಕೇ ಪೂರ್ತಿ ಅಂಕ ಕೊಡುವ ಪದ್ಧತಿಯೇ ಪಕ್ಕದವನ ರೀಡಿಂಗನ್ನು ನಕಲು ಮಾಡಲು ಕಲಿಸಿದ್ದು. ಅದರ ಬದಲು ಶಿಕ್ಷಕರು ಬೇಕೆಂದೇ ಒಂದು ತಂತಿ ಸಡಿಲಿಸಿ ಕೊಡಲಿ; ದೋಷ ಎಲ್ಲಿದೆ, ಹೇಗೆ ತಿಳಿಯಿತು, ಯಾವುದನ್ನು ಮೊದಲು ಪರೀಕ್ಷಿಸಿದೆ ಎಂದು ಮಕ್ಕಳು ಬರೆಯಲಿ. ಆ ಬರಹಕ್ಕೆ ಅರ್ಧ ಅಂಕ ಮೀಸಲಿರಲಿ. ಇದಕ್ಕೆ ಸರ್ಕಾರದ ಆದೇಶ ಬೇಕಿಲ್ಲ. ಒಂದು ಮಲ್ಟಿಮೀಟರು, ಒಂದು ದಾಖಲೆ ಪುಸ್ತಕ, ವಾರಕ್ಕೊಂದು ಪಿರಿಯಡ್ಡು ಸಾಕು.

ಶಿಕ್ಷಕರಾಗಿರುವ ನನ್ನ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಆ ಡಬ್ಬಿಯ ಮೇಲಿನ ಚೀಟಿಯನ್ನು ತೆಗೆದು ‘ಪರೀಕ್ಷಿಸಬೇಕಾದವು’ ಎಂದು ಬರೆಯಿರಿ. ನಂತರ ಒಂದೊಂದನ್ನೇ ಮಕ್ಕಳ ಕೈಗೆ ಕೊಡಿ.