ಫಾರ್ಮ್ಯಾಟ್ ಎಂಬ ಹಗಲು ದರೋಡೆ!

ಮನೆಯ ಕಂಪ್ಯೂಟರ್ ತಾನಾಗಿ ಆಫ್ ಆಗಿ ತಾನಾಗಿ ಆನ್ ಆಗುತ್ತಿದೆಯೇ? ಅಂಗಡಿಗೆ ಹೊತ್ತುಕೊಂಡು ಹೋಗಿ ನೋಡಿ. ಅಲ್ಲಿರುವ ಮಹಾಶಯ ಡಬ್ಬದ ಮುಚ್ಚಳ ಬಿಚ್ಚುವುದಿಲ್ಲ. ಯಾವಾಗ ಆಗುತ್ತೆ, ಎಷ್ಟು ಹೊತ್ತಿಗೆ ಆಗುತ್ತೆ ಎಂದು ಒಂದು ಮಾತು ಕೇಳುವುದಿಲ್ಲ. ಮೌಸ್ ಹಿಡಿದು ನಾಲ್ಕು ಸಲ ಟಕಟಕ ಅನ್ನಿಸಿ, 'ವಿಂಡೋಸ್ ಕರಪ್ಟ್ ಆಗಿದೆ ಸಾರ್, ಫಾರ್ಮ್ಯಾಟ್ ಮಾಡ್ಬೇಕು' ಎನ್ನುತ್ತಾನೆ. ಜ್ವರದವನಿಗೂ ಕಾಲು ಮುರಿದವನಿಗೂ ಹಲ್ಲು ನೋವಿನವನಿಗೂ ಒಂದೇ ಇಂಜೆಕ್ಷನ್ ಚುಚ್ಚುವ ಡಾಕ್ಟರನ್ನು ನಮ್ಮ ಹೆತ್ತೂರಿನಲ್ಲಿ ಏನೆಂದು ಕರೆಯುತ್ತಾರೋ ಅದನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ!

ನಾನು ಓದಿದ್ದು ಪಿಯುಸಿ. ಕಸುಬು ಅಚ್ಚಿನ ಕೆಲಸ. ಸಕಲೇಶಪುರ ತಾಲ್ಲೂಕಿನ ಈ ಗುಡ್ಡಗಾಡಿನಲ್ಲಿ ಮದುವೆ ಕಾಗದ, ಜಾತ್ರೆ ಕರಪತ್ರ, ಸೊಸೈಟಿಯ ಬಿಲ್ ಪುಸ್ತಕ ಮಾಡಿ ಹೊಟ್ಟೆ ಹೊರೆಯುವವನು. ನಮ್ಮ ಮನೆಯ ಕಂಪ್ಯೂಟರಿಗೆ ಒಂದೇ ಮಳೆಗಾಲದಲ್ಲಿ ಮೂರು ಸಲ ಫಾರ್ಮ್ಯಾಟ್ ಆಯಿತು. ಪ್ರತಿ ಸಲವೂ ದುಡ್ಡು, ಪ್ರತಿ ಸಲವೂ ವಾರಗಟ್ಟಲೆ ಕಾಯುವುದು. ತಂದು ಮನೆಯಲ್ಲಿಟ್ಟರೆ ಎರಡನೇ ದಿನಕ್ಕೆ ಅದೇ ಕತೆ. ಕೊನೆಗೆ ಸಿಕ್ಕಿದ್ದು ವಿಂಡೋಸ್ ದೋಷವೂ ಅಲ್ಲ, ವೈರಸ್ಸೂ ಅಲ್ಲ. ದಣಿದುಹೋಗಿದ್ದ ಒಂದು ಎಸ್‌ಎಂಪಿಎಸ್ ಮತ್ತು ಸಡಿಲವಾದ ಒಂದು ಪ್ಲಗ್ ಪಾಯಿಂಟು! ಆ ಅಂಗಡಿಯ ಹೆಸರು ಬೇಡ. ಒಂದು ಅಂಗಡಿಯದಲ್ಲ, ಒಂದು ಚಾಳಿಯ ಮಾತು ಇದು.

ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿರುವ ತಮ್ಮಂದಿರೇ, ತಂಗಿಯರೇ, 'ಇದು ಹಳ್ಳಿಯವರ ಗೋಳು' ಎಂದು ಪುಟ ತಿರುಗಿಸಬೇಡಿ. ನಿಮ್ಮಿಂದ ಕಸಿಯುತ್ತಿರುವುದು ಇನ್ನೂ ಹೆಚ್ಚು.

ಮೊದಲು ಒಂದು ವಿಷಯ ತಲೆಗೆ ಹಾಕಿಕೊಳ್ಳಿ. ಕಂಪ್ಯೂಟರ್ ಸುಮ್ಮಸುಮ್ಮನೆ ಸಾಯುವುದಿಲ್ಲ. ಸಾಯುವ ರೀತಿಯಲ್ಲೇ ಕಾರಣದ ಸುಳಿವು ಕೊಡುತ್ತದೆ. ಯಾರೋ ವೈರ್ ಕಿತ್ತ ಹಾಗೆ ಟಪ್ಪನೆ ಕಪ್ಪಾದರೆ ಮೊದಲು ಕರೆಂಟಿನ ಕಡೆ ನೋಡಿ. ಹತ್ತು ನಿಮಿಷ ಗೇಮ್ ಆಡಿದ ಮೇಲೆ, ವಿಡಿಯೋ ಎಡಿಟ್ ಮಾಡುವಾಗ ಮಾತ್ರ ಹೋದರೆ ಕಾವಿನ ಕಡೆ, ಇಲ್ಲವೇ ಭಾರ ಹೊರಲಾರದ ಎಸ್‌ಎಂಪಿಎಸ್ ಕಡೆ. ನೀಲಿ ಪರದೆ ಬಂದು ಏನೋ ಇಂಗ್ಲಿಷ್ ಸಾಲು ಬರೆದು ಹೋದರೆ ರ‍್ಯಾಮ್, ಡ್ರೈವರ್, ಡಿಸ್ಕ್ ಕಡೆ. (ವಿಂಡೋಸ್ ೧೧ರಲ್ಲಿ ೨೦೨೫ರಿಂದ ಆ ನೀಲಿ ಪರದೆಗೆ ಕಪ್ಪು ಬಣ್ಣ ಬಳಿದಿದ್ದಾರೆ. ಬಣ್ಣ ಬದಲಾಯಿತು, ಭಾಷೆ ಬದಲಾಗಲಿಲ್ಲ!)

ಆ ಪರದೆ ಓದುವಷ್ಟರಲ್ಲಿ ಮಾಯವಾಗುತ್ತದೆ, ಅಲ್ಲವೇ? ಯಾಕೆಂದರೆ ತಪ್ಪಾದ ಕೂಡಲೇ ರೀಸ್ಟಾರ್ಟ್ ಆಗು ಎಂದು ವಿಂಡೋಸಿಗೆ ಮೊದಲೇ ಹೇಳಿಟ್ಟಿರುತ್ತಾರೆ. ಸಿಸ್ಟಮ್ ಪ್ರಾಪರ್ಟೀಸ್ ತೆಗೆದು, ಅಡ್ವಾನ್ಸ್ಡ್ ಒಳಗೆ ಸ್ಟಾರ್ಟಪ್ ಅಂಡ್ ರಿಕವರಿ ಎಂಬ ಕಡೆ ಹೋಗಿ, 'ಆಟೊಮ್ಯಾಟಿಕಲಿ ರೀಸ್ಟಾರ್ಟ್' ಎಂಬುದರ ಮುಂದಿನ ಗುರುತು ತೆಗೆದುಹಾಕಿ. ಮುಂದಿನ ಸಲ ಪರದೆ ನಿಲ್ಲುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಈವೆಂಟ್ ವ್ಯೂವರ್ ಎಂಬ ದಿನಚರಿ ಪುಸ್ತಕವೂ ಅದರೊಳಗೇ ಇದೆ. ಅಲ್ಲಿ ಕರ್ನಲ್-ಪವರ್, ನಂಬರ್ ೪೧ ಎಂದು ಕೆಂಪಾಗಿ ಕಂಡರೆ ಹೆದರಬೇಡಿ. ಸರಿಯಾಗಿ ಮುಚ್ಚದೆ ಕಂಪ್ಯೂಟರ್ ಸತ್ತು ಎದ್ದಿದೆ ಎಂಬುದಷ್ಟೇ ಅದರ ಅರ್ಥ. ಇದನ್ನೇ ತೋರಿಸಿ 'ನೋಡಿ ಸಾರ್, ಕ್ರಿಟಿಕಲ್ ಎರರ್, ಮದರ್‌ಬೋರ್ಡ್ ಹೋಗಿದೆ' ಎಂದು ಹೆದರಿಸುವ ಪ್ರಚಂಡರಿದ್ದಾರೆ. ನಲವತ್ತೊಂದು ಸಾವಿನ ಸುದ್ದಿ ಕಣ್ರೀ, ಸಾವಿನ ಕಾರಣ ಅಲ್ಲ!

ಈಗ ಕರೆಂಟಿನ ಮಾತಿಗೆ ಬರೋಣ. ಅಸಲಿ ಕಳ್ಳ ಬಹಳ ಸಲ ಇಲ್ಲೇ ಅಡಗಿರುತ್ತಾನೆ.

ನಮ್ಮಲ್ಲಿ ಮನೆಗೆ ಬರಬೇಕಾದ ವೋಲ್ಟೇಜ್ ೨೩೦. ೧೯೫೬ರ ಭಾರತೀಯ ವಿದ್ಯುತ್ ನಿಯಮಗಳು ಮನೆಗಳಿಗೆ ಕೊಡುವ ಕರೆಂಟಿನಲ್ಲಿ ಶೇಕಡಾ ೬ರಷ್ಟು ಮಾತ್ರ ಹೆಚ್ಚುಕಮ್ಮಿ ಒಪ್ಪಿದ್ದವು. ಅಂದರೆ ೨೧೬ಕ್ಕೆ ಕಮ್ಮಿ ಇಳಿಯಬಾರದು, ೨೪೪ಕ್ಕೆ ಮೇಲೆ ಏರಬಾರದು. ಹೆತ್ತೂರು ಹೋಬಳಿಯಲ್ಲಿ ಆಷಾಢದ ಸಂಜೆ ಮೀಟರ್ ಹಿಡಿದು ನಿಂತವನಿಗೆ ಈ ಲೆಕ್ಕ ಕೇಳಿದರೆ ನಗು ಬರುತ್ತದೆ. ಬಿಸಿಲೆ ಕಡೆಯಿಂದ ಗಾಳಿ ಎದ್ದರೆ ಸಾಕು, ಮರದ ಕೊಂಬೆ ತಂತಿಗೆ ತಾಗಿ ಬಲ್ಬು ಕಣ್ಣು ಹೊಡೆಯಲು ಶುರು. ಕಾಫಿ ಕುಯ್ಲಿನ ಕಾಲದಲ್ಲಿ ಇನ್ನೊಂದು ತಮಾಷೆ. ತೋಟದಲ್ಲಿ ಪಲ್ಪರ್ ಮೋಟಾರ್ ಚಾಲೂ ಆಗುತ್ತಿದ್ದಂತೆ ಮನೆಯ ದೀಪ ಒಂದು ಕ್ಷಣ ಕುಗ್ಗುತ್ತದೆ. ಮೋಟಾರು ಹೊರಡುವಾಗ ಓಡುವಾಗಿನ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಅದಕ್ಕೆ. ಬೆಂಗಳೂರಿನ ಪಿಜಿಯಲ್ಲಿ ಪಲ್ಪರ್ ಇಲ್ಲ, ನಿಜ. ಲಿಫ್ಟ್ ಇಲ್ಲವೇ? ಸಂಪಿನ ಮೋಟಾರ್ ಇಲ್ಲವೇ? ಕಂಪ್ಯೂಟರ್ ಸಿಕ್ಕಿಸಿದ ಎಕ್ಸ್‌ಟೆನ್ಷನ್ ಬಾಕ್ಸಿಗೇ ಇಸ್ತ್ರಿ ಪೆಟ್ಟಿಗೆ ಸಿಕ್ಕಿಸುವ ರೂಮ್‌ಮೇಟ್ ಇಲ್ಲವೇ?

ಒಂದು ಸಣ್ಣ ಲೆಕ್ಕ. ನಮ್ಮ ಕರೆಂಟು ೫೦ ಹರ್ಟ್ಸ್, ಅಂದರೆ ಅದರ ಒಂದು ಸುತ್ತಿಗೆ ೨೦ ಮಿಲಿಸೆಕೆಂಡ್. ಕಂಪ್ಯೂಟರಿನ ಎಸ್‌ಎಂಪಿಎಸ್ ಕರೆಂಟು ನಿಂತ ಮೇಲೂ ತನ್ನೊಳಗಿನ ಕೆಪಾಸಿಟರ್ ಬಲದಿಂದ ಪೂರ್ತಿ ಭಾರ ಹೊತ್ತು ಉಸಿರು ಹಿಡಿಯಬೇಕಾದ್ದು ಸುಮಾರು ೧೬-೧೭ ಮಿಲಿಸೆಕೆಂಡ್. ಅಂದರೆ ಒಂದು ಸುತ್ತು ಪೂರ್ತಿ ತಪ್ಪಿಹೋದರೆ ಹೊಸ ಎಸ್‌ಎಂಪಿಎಸ್ಸಿಗೇ ಕಷ್ಟ. ಐದಾರು ವರ್ಷ ದುಡಿದು ಕೆಪಾಸಿಟರ್ ಒಣಗಿದ ಅಗ್ಗದ ಮಾಲಿನ ಪಾಡೇನು? ನಿಮ್ಮ ಕಣ್ಣಿಗೆ ದೀಪ ಮಿನುಗಿದ್ದೂ ಕಾಣುವುದಿಲ್ಲ, ಕಂಪ್ಯೂಟರ್ ಮಾತ್ರ ಸತ್ತು ಎದ್ದಿರುತ್ತದೆ. ಆಗ ವಿಂಡೋಸನ್ನು ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೇನು, ತಂತಿ ರಿಪೇರಿ ಆಗುತ್ತದೆಯೇ?

'ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ' ಎನ್ನುವವರು ಕೇಳಿ. ಬಹುಪಾಲು ಇನ್ವರ್ಟರುಗಳ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತದೆ. ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ನಾರ್ಮಲ್ ಅಥವಾ ಇಕೋ. ನಾರ್ಮಲ್‌ನಲ್ಲಿದ್ದರೆ ಕರೆಂಟು ಹೋದಾಗ ಬ್ಯಾಟರಿಗೆ ಬದಲಾಗಲು ಅದು ತೆಗೆದುಕೊಳ್ಳುವ ಸಮಯ ಫ್ಯಾನಿಗೆ, ದೀಪಕ್ಕೆ ಏನೂ ಅಲ್ಲ. ಕಂಪ್ಯೂಟರಿಗೆ ಅದೇ ಮರಣ. ಯುಪಿಎಸ್ ಕಡೆ ತಿರುಗಿಸಿದರೆ ಬೇಗ ಬದಲಾಗುತ್ತದೆ. ಆದರೆ ಅಲ್ಲೂ ಒಂದು ಕೊಕ್ಕೆ ಇದೆ. ಆ ಕಡೆ ಇಟ್ಟಾಗ ವೋಲ್ಟೇಜ್ ಸಾಮಾನ್ಯವಾಗಿ ೧೮೦ರ ಆಸುಪಾಸಿಗೆ ಇಳಿದ ಕೂಡಲೇ ಇನ್ವರ್ಟರ್ ಬ್ಯಾಟರಿಗೆ ಹಾರುತ್ತದೆ. ನಮ್ಮಂಥ ಊರಲ್ಲಿ ಸಂಜೆಯಿಡೀ ಬ್ಯಾಟರಿ ಕುಡಿದು ರಾತ್ರಿ ಎಂಟಕ್ಕೆ ಮನೆ ಕತ್ತಲು. ಹಾಗಾಗಿ ಇಲ್ಲಿಯವರಿಗೆ ನಾನು ಹೇಳುವುದು ಇಷ್ಟೇ: ಇನ್ವರ್ಟರ್ ನಾರ್ಮಲ್‌ನಲ್ಲಿರಲಿ, ಕಂಪ್ಯೂಟರಿಗೆ ಮಾತ್ರ ಒಂದು ಸಣ್ಣ ಯುಪಿಎಸ್ ಬೇರೆ ಇರಲಿ. ಪೇಟೆಯಲ್ಲಿರುವವರು ಸ್ವಿಚ್ ತಿರುಗಿಸಿದರೆ ಸಾಕಾಗಬಹುದು. ಖರ್ಚು ಸೊನ್ನೆ. ಈ ಸ್ವಿಚ್ಚಿನ ವಿಷಯ ನಿಮಗೆ ಯಾವ ಅಂಗಡಿಯವನಾದರೂ ಹೇಳಿದ್ದಾನೆಯೇ?

ಎಲೆಕ್ಟ್ರಿಷಿಯನ್ ಬಂದಾಗ ಅರ್ತಿಂಗ್ ನೋಡಿಸಿ. ಕಂಪ್ಯೂಟರ್ ಡಬ್ಬ ಮುಟ್ಟಿದರೆ ಜುಂ ಎನ್ನುತ್ತಿದ್ದರೆ ಅರ್ತ್ ತಂತಿ ಗೋಡೆಯೊಳಗೆ ಎಲ್ಲೋ ತುಂಡಾಗಿದೆ, ಅಥವಾ ಹಾಕೇ ಇಲ್ಲ. ಅದು ಕಂಪ್ಯೂಟರಿಗಿಂತ ನಿಮ್ಮ ಜೀವದ ಪ್ರಶ್ನೆ. ಮತ್ತೊಂದು ಎಚ್ಚರಿಕೆ: ಎಸ್‌ಎಂಪಿಎಸ್ ಡಬ್ಬವನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಕೊಲ್ಲುವಷ್ಟು ಕರೆಂಟು ಉಳಿದಿರಬಹುದು. ಬೇರೆಯವರ ಒಳ್ಳೆಯ ಎಸ್‌ಎಂಪಿಎಸ್ ಒಂದೆರಡು ದಿನಕ್ಕೆ ತಂದು ಹಾಕಿ ನೋಡುವುದೇ ಸರಿಯಾದ ಪರೀಕ್ಷೆ.

ಲ್ಯಾಪ್‌ಟಾಪ್ ಇರುವವರು ಇಷ್ಟೆಲ್ಲ ಓಡಾಡಬೇಕಿಲ್ಲ. ಅದರೊಳಗೇ ಬ್ಯಾಟರಿ ಇದೆ, ತಂತಿಯ ಕಣ್ಣುಮುಚ್ಚಾಲೆ ಅದಕ್ಕೆ ತಟ್ಟುವುದಿಲ್ಲ. ಬ್ಯಾಟರಿ ಗಟ್ಟಿಯಾಗಿದ್ದೂ ಲ್ಯಾಪ್‌ಟಾಪ್ ಹೀಗೆ ಆಡಿದರೆ ನೇರವಾಗಿ ಕಾವು ಮತ್ತು ರ‍್ಯಾಮ್ ನೋಡಿ.

ಕಾವಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರೊಸೆಸರ್ ೧೦೦ ಡಿಗ್ರಿಯ ಹತ್ತಿರ ಹೋದಾಗ ಮೊದಲು ನಿಧಾನವಾಗುತ್ತದೆ, ಆಮೇಲೂ ಏರಿದರೆ ತನ್ನನ್ನು ಉಳಿಸಿಕೊಳ್ಳಲು ಆಫ್ ಆಗುತ್ತದೆ. ಬೆಂಗಳೂರಿನ ಧೂಳು ಫ್ಯಾನಿನ ಕೆಳಗೆ ಕಂಬಳಿ ಹಾಸಿರುತ್ತದೆ. ನಮ್ಮಲ್ಲಿ ಧೂಳು ಕಮ್ಮಿ, ತೇವ ಜಾಸ್ತಿ. ಮಳೆಗಾಲದಲ್ಲಿ ಚಪ್ಪಲಿಗೆ ಬೂಷ್ಟು ಬರುವ ಊರಿನಲ್ಲಿ ರ‍್ಯಾಮಿನ ಕಾಲಿಗೆ ಬರದೆ ಇರುತ್ತದೆಯೇ? ಬೆಚ್ಚಗಿದೆ ಎಂದು ಇರುವೆ, ಹಲ್ಲಿ ಸಂಸಾರ ಹೂಡುವುದೂ ಉಂಟು. ಪ್ಲಗ್ ಕಿತ್ತು, ಮುಚ್ಚಳ ತೆಗೆದು, ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಲ್ಲಿ ಹಿಡಿದು ಬ್ರಷ್‌ನಿಂದ ಧೂಳು ಹೊಡೆಯಿರಿ. ವರ್ಷಗಟ್ಟಲೆ ಹಳೆಯದಾದರೆ ಪ್ರೊಸೆಸರ್ ಮೇಲಿನ ಪೇಸ್ಟ್ ಒಣಗಿ ಸುಣ್ಣವಾಗಿರುತ್ತದೆ, ಹೊಸದು ಹಚ್ಚಿಸಿ.

ರ‍್ಯಾಮ್ ಕಳ್ಳ ಹಿಡಿಯುವುದು ಸುಲಭ, ತಾಳ್ಮೆ ಬೇಕು. ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಎಂಬುದು ಕಂಪ್ಯೂಟರಿನಲ್ಲಿ ಪುಕ್ಕಟೆ ಇದೆ. ಇನ್ನೂ ಗಟ್ಟಿ ಪರೀಕ್ಷೆ ಬೇಕಾದರೆ ಮೆಮ್‌ಟೆಸ್ಟ್ ೮೬ ಎಂಬುದನ್ನು ಪೆನ್‌ಡ್ರೈವಿಗೆ ಹಾಕಿ ರಾತ್ರಿಯಿಡೀ ಓಡಿಸಿ. ಒಂದೇ ಒಂದು ತಪ್ಪು ತೋರಿಸಿದರೂ ಬಿಡಬೇಡಿ. ಎರಡು ಕಡ್ಡಿ ಇದ್ದರೆ ಒಂದನ್ನು ತೆಗೆದು ಎರಡು ದಿನ, ಇನ್ನೊಂದನ್ನು ತೆಗೆದು ಎರಡು ದಿನ ನೋಡಿ. ಹೊನ್ನಿನ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ ಒರೆಸಿ ಮತ್ತೆ ಕೂರಿಸಿದಾಗ ಸರಿಹೋದ ಕಂಪ್ಯೂಟರುಗಳು ಎಷ್ಟೋ! ಅಂಗಡಿಯವನಿಗೆ ಇದು ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ರಬ್ಬರಿಗೆ ಬಿಲ್ ಹಾಕಲು ಬರುವುದಿಲ್ಲವಲ್ಲ.

ಇಷ್ಟೆಲ್ಲಕ್ಕೂ ಮೊದಲು ಒಂದು ಕೆಲಸ ಮಾಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ಸಲ ಸತ್ತ ಹೊತ್ತು, ಆಗ ಏನು ಮಾಡುತ್ತಿದ್ದಿರಿ, ದೀಪ ಮಿನುಗಿತೇ ಎಂದು ಪೆನ್ಸಿಲಿನಲ್ಲಿ ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ಹದಿನೈದು ದಿನಕ್ಕೆ ಕಳ್ಳನ ಹೆಜ್ಜೆ ಕಾಣುತ್ತದೆ. ನಮ್ಮ ಮನೆಯಲ್ಲಿ ಕಂಡದ್ದು ಸಂಜೆ ಆರರಿಂದ ಏಳೂವರೆ, ಬೇರೆ ಹೊತ್ತಿನಲ್ಲಿ ಒಮ್ಮೆಯೂ ಇಲ್ಲ. ಗಡಿಯಾರ ನೋಡಿಕೊಂಡು ಬರುವ ವೈರಸ್ ಅಪರೂಪ ಸ್ವಾಮಿ!

ತಪ್ಪು ಯಾವಾಗಲೂ ಬಳಸುವವನದೇ ಎಂದು ಗದರಿಸುವವರಿಗೆ ದೊಡ್ಡವರ ಕತೆ ಎರಡು ಹೇಳುತ್ತೇನೆ. ಇಂಟೆಲ್ ಕಂಪನಿಯ ೧೩ ಮತ್ತು ೧೪ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳಿ ಕೆಡುತ್ತಿವೆ ಎಂದು ೨೦೨೪ರಲ್ಲಿ ಆ ಕಂಪನಿಯೇ ಒಪ್ಪಿಕೊಂಡಿತು, ಬಯಾಸ್ ಮೂಲಕ ತಿದ್ದುಪಡಿ ಕೊಟ್ಟಿತು, ವಾರಂಟಿಯನ್ನು ೨ ವರ್ಷ ಹೆಚ್ಚಿಸಿತು. ಗೇಮಿಂಗ್ ಕಂಪ್ಯೂಟರ್ ಕೊಂಡ ಹುಡುಗರು ತಮ್ಮದು ಆ ಸಾಲಿನದೇ ಎಂದು ಈಗಲೇ ನೋಡಿಕೊಳ್ಳಿ. ಇನ್ನೊಂದು, ೨೦೨೪ರ ಜುಲೈ ೧೯. ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿ ಕಳಿಸಿದ ಒಂದು ಕೆಟ್ಟ ಅಪ್‌ಡೇಟಿನಿಂದ ಲೋಕದಾದ್ಯಂತ ಸುಮಾರು ೮೫ ಲಕ್ಷ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ಸತ್ತು ಎದ್ದು ಸತ್ತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದು ಕೊಟ್ಟರು. ಅದಕ್ಕೆ ಹೇಳಿದ ಪರಿಹಾರ ಗೊತ್ತೇ? ಸೇಫ್ ಮೋಡಿನಲ್ಲಿ ತೆರೆದು ಆ ಕೆಟ್ಟ ಫೈಲನ್ನು ಅಳಿಸುವುದು. ನಮ್ಮ ಗಲ್ಲಿಯ ಪಂಡಿತರ ಕೈಗೆ ಸಿಕ್ಕಿದ್ದರೆ ೮೫ ಲಕ್ಷವನ್ನೂ ಫಾರ್ಮ್ಯಾಟ್ ಮಾಡಿ ಬಿಲ್ ಹಾಕುತ್ತಿದ್ದರು.

೨೦೨೫ರ ಅಕ್ಟೋಬರ್ ೧೪ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ ೧೦ರ ಬೆಂಬಲ ನಿಲ್ಲಿಸಿದ ಮೇಲೆ ಇವರಿಗೆ ಹೊಸ ಆಯುಧ ಸಿಕ್ಕಿದೆ. 'ವಿಂಡೋಸ್ ೧೦ ಮುಗೀತು ಸಾರ್, ಅದಕ್ಕೇ ರೀಸ್ಟಾರ್ಟ್ ಆಗ್ತಿದೆ.' ಶುದ್ಧ ಸುಳ್ಳು. ಭದ್ರತೆಯ ಅಪ್‌ಡೇಟ್ ನಿಂತಿತೆಂದರೆ ಅಪಾಯ ಬೇರೆ ಬಗೆಯದು. ನಡೆಯುತ್ತಿದ್ದ ಕಂಪ್ಯೂಟರ್ ಅದಕ್ಕಾಗಿ ಸಂಜೆ ಆರಕ್ಕೆ ಬಿದ್ದು ಸಾಯುವುದಿಲ್ಲ.

ಈ ಸುಳ್ಳುಗಳೆಲ್ಲ ನಡೆಯುವುದು ಯಾಕೆ? ಪರದೆಯ ಮೇಲೆ ಬರುವ ಸಾಲು ಇಂಗ್ಲಿಷಿನಲ್ಲಿದೆ, ನಮ್ಮ ಹುಡುಗ ಅದನ್ನು ನೋಡಿ ಕೈಕಟ್ಟಿ ನಿಲ್ಲುತ್ತಾನೆ. ವಿಂಡೋಸಿಗೆ ಕನ್ನಡದ ಭಾಷಾ ಪ್ಯಾಕ್ ಇದೆ ನಿಜ. ಹಾಕಿ ನೋಡಿ, ಹೊರಗಿನ ಬಾಗಿಲಿಗೆ ಕನ್ನಡ ಬೋರ್ಡು, ಒಳಗೆ ಹೋದರೆ ಎಷ್ಟೋ ಕೋಣೆಗಳಲ್ಲಿ ಇಂಗ್ಲಿಷೇ. ಪೂರ್ತಿ ಕನ್ನಡ ಮಾಡಿ ಎಂದು ಕೇಳಲೇಬೇಕು. ಅಲ್ಲಿಯವರೆಗೆ, ಗೊತ್ತಿರುವವರು ಕನ್ನಡದಲ್ಲಿ ಬರೆದಿಡಿ, ಪಕ್ಕದ ಮನೆಯವರಿಗೆ ಕನ್ನಡದಲ್ಲಿ ಹೇಳಿಕೊಡಿ.

ಫಾರ್ಮ್ಯಾಟಿನಿಂದ ಕನ್ನಡಕ್ಕೆ ಆಗುವ ಹಾನಿ ಇನ್ನೊಂದಿದೆ. ಇದು ನನ್ನ ಕಸುಬಿನ ಮಾತು. ೧೯೯೮ರಲ್ಲಿ ಬಂದ ಶೇಷಾದ್ರಿ ವಾಸು ಅವರ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ, ಇವುಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಫೈಲುಗಳು ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಅಂಗಡಿಯವನು ಸಿ ಡ್ರೈವ್ ಅಳಿಸಿ ವಿಂಡೋಸ್ ಹಾಕುತ್ತಾನೆ, ನುಡಿ ಹಾಕುವುದಿಲ್ಲ. ಅಪ್ಪ ಟೈಪ್ ಮಾಡಿಟ್ಟ ಕತೆ, ಸಂಘದ ಹತ್ತು ವರ್ಷದ ನಡಾವಳಿ ತೆರೆದರೆ ಕಸ. 'ಫೈಲೂ ಕರಪ್ಟ್ ಆಗಿದೆ ಸಾರ್, ಡಿಲೀಟ್ ಮಾಡ್ಲಾ?' ಎನ್ನುತ್ತಾನೆ. ಹೂಂ ಎಂದವರನ್ನು ನಾನೇ ಕಂಡಿದ್ದೇನೆ. ಫೈಲಿಗೆ ಏನೂ ಆಗಿರಲಿಲ್ಲ! ಫಾಂಟ್ ಹಾಕಿದ್ದರೆ ಅಕ್ಷರ ಅಕ್ಷರವೂ ಎದ್ದು ಬರುತ್ತಿತ್ತು.

ಆದ್ದರಿಂದ ಕಂಪ್ಯೂಟರ್ ಅಂಗಡಿಗೆ ಕೊಡಲೇಬೇಕಾಗಿ ಬಂದರೆ ಮೊದಲು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಮತ್ತು ನುಡಿ, ಬರಹ ಫಾಂಟುಗಳನ್ನು ಬೇರೆ ಡಿಸ್ಕಿಗೆ ಇಳಿಸಿಕೊಳ್ಳಿ. ಕೌಂಟರಿನ ಮುಂದೆ ನಿಂತು ಕನ್ನಡದಲ್ಲಿ ಕೇಳಿ: ಯಾವ ಭಾಗ ಕೆಟ್ಟಿದೆ, ಹೇಗೆ ಗೊತ್ತಾಯಿತು, ಪರೀಕ್ಷೆ ತೋರಿಸು. ಉತ್ತರ ಇಲ್ಲದಿದ್ದರೆ ಎತ್ತಿಕೊಂಡು ಬನ್ನಿ. ಭಾಗ ಬದಲಿಸಿದರೆ ಹಳೆಯದನ್ನು ಕೈಗೆ ಇಸಿದುಕೊಳ್ಳಿ. ಬಿಲ್ಲಿನಲ್ಲಿ 'ಸರ್ವಿಸ್' ಎಂದು ಒಂದೇ ಪದ ಗೀಚಿದರೆ ಒಪ್ಪಬೇಡಿ, ಏನು ಕೆಟ್ಟಿತ್ತು, ಏನು ಮಾಡಿದೆ ಎಂದು ಕನ್ನಡದಲ್ಲಿ ಬರೆಸಿ. ಬಿಲ್ಲೇ ಕೊಡುವುದಿಲ್ಲ ಎನ್ನುವವನಿಗೆ, ಬಿಲ್ ಕೊಡದಿರುವುದು ೨೦೧೯ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ ಎಂದು ನೆನಪಿಸಿ, ಅವನ ಎದುರಿಗೇ ಗ್ರಾಹಕರ ಸಹಾಯವಾಣಿ ೧೯೧೫ಕ್ಕೆ ಫೋನ್ ಹಚ್ಚಿ.