ಅರಿವಿನ ಹಗೇವು: ತುಂಬುವವರಾರು?

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಜೋಳ ಕೂಡಿಡಲು ಹಗೇವುಗಳಿದ್ದುದನ್ನು ಹಿರಿಯ ಓದುಗರು ಬಲ್ಲರು. ನೆಲದೊಳಗೆ ಅಗೆದ ಆ ಕಣಜದಲ್ಲಿ ಸುಗ್ಗಿಯ ಕಾಳನ್ನು ತುಂಬಿ ಬಾಯಿ ಮುಚ್ಚಿದರೆ ಬರಗಾಲದಲ್ಲಿ ಅದು ಮನೆತನವನ್ನು ಕಾಯುತ್ತಿತ್ತು. ತುಂಬಿದವರು ಇದ್ದುದರಿಂದ ತೆಗೆಯುವವರಿಗೆ ಕಾಳು ದೊರೆಯುತ್ತಿತ್ತು. ಜ್ಞಾನದ ವಿಷಯದಲ್ಲಿಯೂ ಮಾತು ಇಷ್ಟೆ. ಇಂದು ಅಂತರ್ಜಾಲವೆಂಬ ಬಹುದೊಡ್ಡ ಹಗೇವಿನಿಂದ ಮನೆಮನೆಯ ಮಕ್ಕಳು ಮಾಹಿತಿಯನ್ನು ಮೊಗೆಮೊಗೆದು ತೆಗೆಯುತ್ತಿದ್ದಾರೆ. ಅದನ್ನು ತುಂಬಿದವರು ಯಾರು, ಮುಂದೆ ತುಂಬುವವರು ಯಾರು, ಅದರಲ್ಲಿ ನಮ್ಮ ಭಾಷೆಯ ಪಾಲೆಷ್ಟು ಎಂಬುದನ್ನು ಈ ಸಂಚಿಕೆಯಲ್ಲಿ ವಿಚಾರ ಮಾಡೋಣ.

ಅಂತರ್ಜಾಲವು ಮೊದಲಿಗೆ ಪ್ರಕಟಣೆಯ ಹಲಗೆಯಂತಿತ್ತು. ಕೆಲವರು ಬರೆದು ಹಚ್ಚುವರು, ಉಳಿದವರು ಓದಿ ಹೋಗುವರು. ಓದುವವನೇ ಬರೆಯುವವನೂ ಆಗಬಲ್ಲನೆಂಬ ವ್ಯವಸ್ಥೆ ಬಂದ ಮೇಲೆ ಅದರ ಸ್ವರೂಪವೇ ಬದಲಾಯಿತು. ಅಮೆರಿಕದ ವಾರ್ಡ್ ಕನಿಂಗ್‌ಹ್ಯಾಮ್ ಎಂಬ ತಂತ್ರಜ್ಞನು 1995ರಲ್ಲಿ, ಯಾರು ಬೇಕಾದರೂ ತಿದ್ದಬಹುದಾದ ಪುಟಗಳನ್ನು ರಚಿಸಿ ಅದಕ್ಕೆ ವಿಕಿ ಎಂದು ಹೆಸರಿಟ್ಟನು. ಹವಾಯಿ ದ್ವೀಪಗಳ ಭಾಷೆಯಲ್ಲಿ ಆ ಶಬ್ದಕ್ಕೆ ಬೇಗ ಎಂದು ಅರ್ಥ.

ಹಲವರು ಕೂಡಿ ಜ್ಞಾನಕೋಶವನ್ನು ಕಟ್ಟುವ ವಿಚಾರವು ಜಗತ್ತಿಗೆ ಹೊಸದಲ್ಲ. ಆಕ್ಸ್‌ಫರ್ಡಿನ ಇಂಗ್ಲಿಷ್ ಮಹಾನಿಘಂಟಿನ ಸಂಪಾದಕ ಜೇಮ್ಸ್ ಮರ‍್ರೆಯು 1879ರಲ್ಲಿ ಸಾಮಾನ್ಯ ಓದುಗರಿಗೆ ಒಂದು ಮನವಿ ಮಾಡಿಕೊಂಡನು. ನೀವು ಓದುವ ಗ್ರಂಥಗಳಲ್ಲಿ ಶಬ್ದಗಳ ಪ್ರಯೋಗವನ್ನು ಗುರುತಿಸಿ ಚೀಟಿಯಲ್ಲಿ ಬರೆದು ಕಳುಹಿಸಿರಿ ಎಂಬುದು ಅದರ ಸಾರ. ಲಕ್ಷ ಲಕ್ಷ ಚೀಟಿಗಳು ಬಂದವು. ನಿಘಂಟಿನ ಮೊದಲ ಆವೃತ್ತಿ ಪೂರ್ಣವಾದುದು 1928ರಲ್ಲಿ. ನಮ್ಮಲ್ಲಿ ಶಿವರಾಮ ಕಾರಂತರು 1936ರಲ್ಲಿ ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನು ಒಬ್ಬರೇ ಹೆಣಗಿ ಹೊರತಂದರು. ಮೈಸೂರು ವಿಶ್ವವಿದ್ಯಾನಿಲಯವು ವಿದ್ವಾಂಸರನ್ನು ಕಲೆಹಾಕಿ ಕನ್ನಡ ವಿಶ್ವಕೋಶವನ್ನು 14 ಸಂಪುಟಗಳಲ್ಲಿ ಪ್ರಕಟಿಸಿತು. ಇವೆಲ್ಲವೂ ತಪಸ್ಸಿನಂಥ ಕಾರ್ಯಗಳು. ಆದರೆ ಅಚ್ಚಿನ ಕೋಶಕ್ಕೆ ಒಂದು ಮಿತಿಯುಂಟು. ತಪ್ಪು ಕಂಡರೂ ತಿದ್ದಲು ಮುಂದಿನ ಮುದ್ರಣದವರೆಗೆ ಕಾಯಬೇಕು. ಬೆಲೆ ತೆರಲಾರದವನ ಮನೆಗೆ ಅದು ಬಾರದು.

ವಿಕಿಪೀಡಿಯದ ಹುಟ್ಟಿನ ಕಥೆ ಬೋಧಪ್ರದವಾಗಿದೆ. ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ ಎಂಬಿಬ್ಬರು 2000ದಲ್ಲಿ ನ್ಯೂಪೀಡಿಯ ಎಂಬ ಕೋಶವನ್ನು ಆರಂಭಿಸಿದ್ದರು. ತಜ್ಞರೇ ಬರೆಯಬೇಕು, ಏಳು ಹಂತಗಳ ಪರಿಶೀಲನೆಯಾಗಬೇಕು ಎಂಬುದು ಅದರ ನಿಯಮ. 2003ರಲ್ಲಿ ಅದು ಮುಚ್ಚುವ ಹೊತ್ತಿಗೆ ಸಿದ್ಧವಾಗಿದ್ದ ಲೇಖನಗಳು ಸುಮಾರು ಎರಡು ಡಜನು ಮಾತ್ರ. ಅದಕ್ಕೆ ಪೂರಕವಾಗಿರಲೆಂದು 2001ರ ಜನವರಿ 15ರಂದು ವಿಕಿಪೀಡಿಯವನ್ನು ತೆರೆದರು. ಬಾಗಿಲು ಎಲ್ಲರಿಗೂ ತೆರೆದಿತ್ತು. ಮೊದಲ ವರ್ಷದಲ್ಲಿಯೇ ಸುಮಾರು 20 ಸಾವಿರ ಲೇಖನಗಳು ಕೂಡಿದವು. ಇಂದು ಅದು 300ಕ್ಕೂ ಮಿಕ್ಕ ಭಾಷೆಗಳಲ್ಲಿದೆ. 244 ವರ್ಷಗಳಿಂದ ಅಚ್ಚಾಗುತ್ತಿದ್ದ ಬ್ರಿಟಾನಿಕ ವಿಶ್ವಕೋಶವು 2012ರಲ್ಲಿ ಮುದ್ರಣವನ್ನೇ ನಿಲ್ಲಿಸಿತು.

ಯಾರು ಬೇಕಾದರೂ ಬರೆದದ್ದನ್ನು ನಂಬುವುದು ಹೇಗೆ? ಈ ಪ್ರಶ್ನೆ ಸಹಜವೂ ನ್ಯಾಯವೂ ಆಗಿದೆ. ‘ನೇಚರ್’ ವಿಜ್ಞಾನ ಪತ್ರಿಕೆಯು 2005ರಲ್ಲಿ ವಿಜ್ಞಾನದ 42 ವಿಷಯಗಳನ್ನು ಆರಿಸಿ, ಎರಡೂ ಕೋಶಗಳ ಬರಹವನ್ನು ತಜ್ಞರಿಂದ ಪರೀಕ್ಷಿಸಿತು. ಬ್ರಿಟಾನಿಕದ ಲೇಖನಕ್ಕೆ ಸರಾಸರಿ ಮೂರು, ವಿಕಿಪೀಡಿಯದ ಲೇಖನಕ್ಕೆ ಸರಾಸರಿ ನಾಲ್ಕು ದೋಷಗಳು ಕಂಡವು. ಬ್ರಿಟಾನಿಕದವರು ಈ ಪರೀಕ್ಷೆಯ ಕ್ರಮವನ್ನೇ ಆಕ್ಷೇಪಿಸಿದರು. ಅದೇ ವರ್ಷ ಜಾನ್ ಸೀಗೆಂಥಾಲರ್ ಎಂಬ ಅಮೆರಿಕದ ಹಿರಿಯ ಪತ್ರಕರ್ತರ ಕುರಿತು ಕಿಡಿಗೇಡಿಯೊಬ್ಬನು ಬರೆದ ಘೋರ ಸುಳ್ಳು ನಾಲ್ಕು ತಿಂಗಳು ಯಾರ ಕಣ್ಣಿಗೂ ಬೀಳದೆ ಉಳಿದಿದ್ದುದು ಬಯಲಾಯಿತು. ಇವೆರಡನ್ನೂ ಜೊತೆಗಿಟ್ಟು ನೋಡಿದರೆ ಅತಿಯಾದ ನಂಬಿಕೆಯೂ ಸಲ್ಲದು, ಅತಿಯಾದ ತಿರಸ್ಕಾರವೂ ಸಲ್ಲದು.

ಆದರೆ ಇಲ್ಲಿ ಒಂದು ವಿಶೇಷವಿದೆ. ಪ್ರತಿಯೊಂದು ಪುಟಕ್ಕೂ ಇತಿಹಾಸವೆಂಬ ಭಾಗವಿದ್ದು, ಯಾವಾಗ ಏನು ಬದಲಾಯಿತೆಂಬುದು ಅಲ್ಲಿ ದಾಖಲಾಗಿರುತ್ತದೆ. ಚರ್ಚೆಯೆಂಬ ಭಾಗದಲ್ಲಿ ಭಿನ್ನಮತವುಳ್ಳವರು ವಾದಿಸುತ್ತಾರೆ. ಕೆಳಗಡೆ ಆಧಾರಗಳ ಪಟ್ಟಿಯಿರುತ್ತದೆ. ಹಗೇವಿನ ಬಾಯಿ ತೆರೆದೊಡನೆ ನಮ್ಮ ರೈತನು ಒಳಗಿಳಿಯುತ್ತಿರಲಿಲ್ಲ. ಕೆಟ್ಟ ಗಾಳಿ ಹೊರಹೋಗುವವರೆಗೆ ಕಾಯುತ್ತಿದ್ದನು. ಅಷ್ಟು ಎಚ್ಚರ ಇಲ್ಲಿಯೂ ಬೇಕು. ಆಧಾರವನ್ನು ತೆರೆದು ನೋಡುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸಿದರೆ ವಿಕಿಪೀಡಿಯವು ಉತ್ತಮ ಸೇವಕ. ಕಲಿಸದಿದ್ದರೆ ಅದು ನಕಲು ಮಾಡುವವರ ಗಣಿ.

ಶಿಕ್ಷಣದ ಮಾತಿಗೆ ಬರೋಣ. ಮಾಹಿತಿಯನ್ನು ಹುಡುಕಿ ವಹಿಯಲ್ಲಿ ಇಳಿಸಿಕೊಳ್ಳುವುದು ಕಲಿಕೆಯಲ್ಲ. ಅದೇ ವಿದ್ಯಾರ್ಥಿಗೆ, ನೀನೇ ಒಂದು ಲೇಖನ ಬರೆ, ಅದನ್ನು ನಾಡಿನವರೆಲ್ಲ ಓದುತ್ತಾರೆ, ತಪ್ಪಿದ್ದರೆ ಅಪರಿಚಿತರು ತಿದ್ದುತ್ತಾರೆ ಎಂದು ಹೇಳಿದರೆ ಅವನ ಮನೋಧರ್ಮವೇ ಬದಲಾಗುತ್ತದೆ. ಅವನು ಗ್ರಂಥಾಲಯಕ್ಕೆ ಹೋಗಬೇಕು, ಎರಡು ಮೂರು ಗ್ರಂಥಗಳನ್ನು ಹೋಲಿಸಬೇಕು, ತನ್ನ ಮೆಚ್ಚುಗೆಯನ್ನು ಬದಿಗಿಟ್ಟು ಇದ್ದುದನ್ನು ಇದ್ದಂತೆ ಬರೆಯಬೇಕು. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ, ಮೂಡುಬಿದಿರೆಯ ಆಳ್ವಾಸ್ ಕಾಲೇಜಿನಲ್ಲಿ ಇಂಥ ಪ್ರಯತ್ನಗಳು ನಡೆದಿವೆ. ಪರೀಕ್ಷೆ ಮುಗಿದೊಡನೆ ರದ್ದಿಗೆ ಹೋಗುವ ಸಾವಿರ ನಿಬಂಧಗಳಿಗಿಂತ ನಾಲ್ವರಿಗೆ ಉಪಯೋಗವಾಗುವ ಒಂದು ಬರಹ ಮೇಲಲ್ಲವೆ?

ಉದ್ಯೋಗದ ಕ್ಷೇತ್ರದಲ್ಲಿಯೂ ಇದೇ ಬಗೆಯ ಬದಲಾವಣೆ ಕಾಣುತ್ತದೆ. ಫಿನ್ಲೆಂಡಿನ ಲೈನಸ್ ಟೊರ್ವಾಲ್ಡ್ಸ್ ಎಂಬ 21 ವರ್ಷದ ವಿದ್ಯಾರ್ಥಿಯು 1991ರಲ್ಲಿ ತಾನು ಬರೆಯುತ್ತಿದ್ದ ಗಣಕದ ಮೂಲ ತಂತ್ರಾಂಶವನ್ನು ಅಂತರ್ಜಾಲದಲ್ಲಿ ಬಿಚ್ಚಿಟ್ಟು ಇತರರ ಸಲಹೆ ಕೇಳಿದನು. ಲಿನಕ್ಸ್ ಎಂದು ಹೆಸರಾದ ಅದು ಹಲವು ದೇಶಗಳವರ ಕೈಯಲ್ಲಿ ಬೆಳೆದು, ಇಂದು ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಮೊಬೈಲುಗಳ ಒಳಗೂ ಕೆಲಸ ಮಾಡುತ್ತಿದೆ. ಇಂಥ ಮುಕ್ತ ಕಾರ್ಯದಲ್ಲಿ ಪಾಲುಗೊಂಡ ತರುಣನಿಗೆ ಪದವಿಪತ್ರದ ಜೊತೆಗೆ ತನ್ನ ಕೈಗೆಲಸವನ್ನೇ ತೋರಿಸಿ ನೌಕರಿ ಕೇಳುವ ಅವಕಾಶವೂ ಒದಗಿದೆ.

ಹೊಸ ಶೋಧಗಳಲ್ಲಿಯೂ ಸಾಮಾನ್ಯರು ಪಾಲುಗೊಂಡಿದ್ದಾರೆ. ನಕ್ಷತ್ರಪುಂಜಗಳ ಚಿತ್ರಗಳನ್ನು ವಿಂಗಡಿಸಲು ಖಗೋಳ ವಿಜ್ಞಾನಿಗಳು ಗ್ಯಾಲಕ್ಸಿ ಜೂ ಎಂಬ ಯೋಜನೆಯಲ್ಲಿ ಸಾರ್ವಜನಿಕರ ನೆರವು ಕೋರಿದ್ದರು. 2007ರಲ್ಲಿ ಹ್ಯಾನಿ ವಾನ್ ಆರ್ಕೆಲ್ ಎಂಬ ಡಚ್ ಶಾಲಾಶಿಕ್ಷಕಿ ಅಂಥ ಒಂದು ಚಿತ್ರದಲ್ಲಿ ವಿಚಿತ್ರ ವಸ್ತುವೊಂದನ್ನು ಕಂಡು ಇದೇನೆಂದು ಕೇಳಿದಳು. ಅದು ವಿಜ್ಞಾನಿಗಳಿಗೂ ಹೊಸದಾಗಿದ್ದ ಬೃಹತ್ ಅನಿಲರಾಶಿ. ಅದಕ್ಕೆ ಆ ಶಿಕ್ಷಕಿಯ ಹೆಸರೇ ಬಂದಿತು. ಫೋಲ್ಡಿಟ್ ಎಂಬ ಗಣಕದ ಆಟವನ್ನು ಆಡುತ್ತಿದ್ದವರು, ಮಂಗಗಳಿಗೆ ಏಡ್ಸ್‌ನಂಥ ರೋಗ ತರುವ ವೈರಸ್ಸಿನ ಒಂದು ಪ್ರೋಟೀನಿನ ರಚನೆಯನ್ನು ಮೂರು ವಾರಗಳಲ್ಲಿ ಬಿಡಿಸಿದರು. ದಶಕಕ್ಕೂ ಹೆಚ್ಚು ಕಾಲ ಬಗೆಹರಿಯದಿದ್ದ ಸಮಸ್ಯೆಯದು. ಈ ಫಲಿತಾಂಶ ಪ್ರಕಟವಾದುದು 2011ರಲ್ಲಿ. ತಜ್ಞರು ಪ್ರಶ್ನೆಯನ್ನು ಹದವಾಗಿ ಬಿಡಿಸಿಟ್ಟರೆ ಜನಸಾಮಾನ್ಯರ ತಾಳ್ಮೆಯೂ ವಿಜ್ಞಾನಕ್ಕೆ ಬಂಡವಾಳವಾಗಬಲ್ಲದು.

ಇಷ್ಟಾದರೂ ಎಲ್ಲ ಜಾಲತಾಣಗಳೂ ಒಂದೇ ಜಾತಿಯವಲ್ಲ. ವಿಕಿಪೀಡಿಯವನ್ನು ನೋಡಿಕೊಳ್ಳುವುದು 2003ರಲ್ಲಿ ಸ್ಥಾಪನೆಯಾದ, ಲಾಭದ ಉದ್ದೇಶವಿಲ್ಲದ ವಿಕಿಮೀಡಿಯ ಪ್ರತಿಷ್ಠಾನ. ಅಲ್ಲಿ ಜಾಹೀರಾತಿಲ್ಲ, ಬರೆದುದು ಎಲ್ಲರ ಸ್ವತ್ತು. ಬೇರೆ ಎಷ್ಟೋ ತಾಣಗಳಲ್ಲಿ ನಾವು ದಿನವೂ ಬರೆಯುವುದು, ಹಂಚುವುದು ಯಾವುದೋ ಕಂಪನಿಯ ಗಳಿಕೆಯಾಗುತ್ತದೆ. ನಮ್ಮ ಶ್ರಮ ಯಾರ ಕಣಜ ಸೇರುತ್ತಿದೆಯೆಂಬ ವಿವೇಕ ಬೇಕು.

ಈಗ ಕನ್ನಡದ ಪರಿಸ್ಥಿತಿಯನ್ನು ನೋಡೋಣ. ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು. 2011ರ ಜನಗಣತಿಯಂತೆ ಕನ್ನಡ ಮಾತೃಭಾಷೆಯವರು 4 ಕೋಟಿ 37 ಲಕ್ಷ. ಇಂಗ್ಲಿಷಿನಲ್ಲಿ ಸುಮಾರು 70 ಲಕ್ಷ ಲೇಖನಗಳಿರುವಾಗ ಕನ್ನಡದಲ್ಲಿರುವುದು ಮೂವತ್ತು ಸಾವಿರದ ಆಚೀಚೆ. ಕಾರಣಗಳು ಹಲವು. ಮೊದಲ ದಿನಗಳಲ್ಲಿ ಲಿಪಿಯೇ ತೊಡಕಾಗಿತ್ತು. ಹಳೆಯ ತಂತ್ರಾಂಶಗಳಲ್ಲಿ ಕನ್ನಡ ಅಕ್ಷರದ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂಡಿಸಿದ್ದರು. ಆ ಅಕ್ಷರವಿನ್ಯಾಸ ಇಲ್ಲದ ಗಣಕದಲ್ಲಿ ಬರಹವೆಲ್ಲ ಅರ್ಥವಿಲ್ಲದ ಗೀಚಾಗಿ ಕಾಣುತ್ತಿತ್ತು. ಯುನಿಕೋಡ್ ವ್ಯವಸ್ಥೆಯಲ್ಲಿ ಪ್ರತಿಯೊಂದು ಅಕ್ಷರಕ್ಕೂ ಜಗತ್ತಿನಾದ್ಯಂತ ಒಂದೇ ಸಂಕೇತ ದೊರೆತ ಮೇಲೆ ಆ ಅಡ್ಡಿ ನಿವಾರಣೆಯಾಯಿತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಕ್ರಮವಂತೂ ಬೆರಳೆಣಿಕೆಯ ದಿನಗಳಲ್ಲಿ ಕಲಿಯುವಂಥದು. ಮೈಸೂರು ವಿಶ್ವವಿದ್ಯಾನಿಲಯವು ತನ್ನ ವಿಶ್ವಕೋಶವನ್ನು ಮುಕ್ತ ಬಳಕೆಗೆ ಬಿಟ್ಟುಕೊಡಲು 2014ರಲ್ಲಿ ಮುಂದಾದುದು ಸ್ತುತ್ಯಾರ್ಹ. ನಮ್ಮ ನೆರೆಯ ತುಳು ಭಾಷಿಕರು ಸಂಖ್ಯೆಯಲ್ಲಿ 20 ಲಕ್ಷಕ್ಕಿಂತ ಕಡಿಮೆಯಿದ್ದರೂ ವರ್ಷಗಟ್ಟಲೆ ಬರೆದು ಬರೆದು 2016ರಲ್ಲಿ ತಮ್ಮದೇ ವಿಕಿಪೀಡಿಯವನ್ನು ಪಡೆದರು. ಸಾಧನವಿಲ್ಲವೆಂಬ ನೆಪ ಇನ್ನು ನಮಗೆ ಉಳಿದಿಲ್ಲ.

ಇದರಲ್ಲಿ ತಡಮಾಡಬಾರದೆನ್ನಲು ಒಂದು ಹೊಸ ಕಾರಣವಿದೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಂದಿನಿಂದ, ಕೇಳಿದ್ದಕ್ಕೆಲ್ಲ ಕ್ಷಣದಲ್ಲಿ ಉತ್ತರ ಕೊಡುವ ಯಂತ್ರಗಳು ಮನೆಮಾತಾಗಿವೆ. ಅವು ಕಲಿತದ್ದು ಮನುಷ್ಯರು ಬರೆದಿಟ್ಟ ಬರಹದಿಂದ. ಅದರಲ್ಲಿ ವಿಕಿಪೀಡಿಯದ ಪಾಲೂ ಇದೆ. ತಂತ್ರಾಂಶ ಬರೆಯುವವರು ಪರಸ್ಪರ ಪ್ರಶ್ನೋತ್ತರ ನಡೆಸುತ್ತಿದ್ದ ಸ್ಟ್ಯಾಕ್ ಓವರ್‌ಫ್ಲೋ ಎಂಬ ತಾಣದಲ್ಲಿ ಆ ಬಳಿಕ ಹೊಸ ಪ್ರಶ್ನೆಗಳು ಬಹಳ ಮಟ್ಟಿಗೆ ಕುಸಿದವು. ಯಂತ್ರವು ಉತ್ತರಿಸುವಾಗ ಮನುಷ್ಯನನ್ನೇಕೆ ಕೇಳಬೇಕು, ಮನುಷ್ಯನೇಕೆ ಬರೆಯಬೇಕು ಎಂಬ ಭಾವ ಬೆಳೆಯುತ್ತಿದೆ. ಕುಳಿತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಇಂಗ್ಲಿಷಿನ ಹಗೇವು ತುಂಬಿದೆ, ಕೆಲಕಾಲ ನಡೆದೀತು. ಕನ್ನಡದ್ದು ಇನ್ನೂ ಅರೆ ತುಂಬಿಲ್ಲ. ನಾವು ಬರೆಯದಿದ್ದರೆ ನಾಳೆಯ ಯಂತ್ರವು ನಮ್ಮ ಮೊಮ್ಮಕ್ಕಳೊಡನೆ ಸತ್ವವಿಲ್ಲದ, ತರ್ಜುಮೆಯ ವಾಸನೆಯ ಕನ್ನಡದಲ್ಲಿ ಮಾತನಾಡುತ್ತದೆ; ನಮ್ಮ ಊರು, ಕೇರಿ, ಕಸುಬುಗಳ ವಿಷಯದಲ್ಲಿ ಮೌನವಾಗಿರುತ್ತದೆ ಅಥವಾ ಸುಳ್ಳು ಹೇಳುತ್ತದೆ.

ಬರೆಯಬೇಕಾದುದೇನು? ಕೂರಿಗೆಯ ಬಿಡಿಭಾಗಗಳ ಹೆಸರು, ಇಳಕಲ್ಲಿನ ನೇಕಾರನು ಸೀರೆಯ ಒಡಲಿಗೆ ಸೆರಗನ್ನು ಕೊಂಡಿ ಹಾಕಿ ಕೂಡಿಸುವ ಬಗೆ, ನಮ್ಮ ಜೋಳದ ತಳಿಗಳು, ಹಬ್ಬದ ಅಡಿಗೆಗಳು. ಆದರೆ ವಿಕಿಪೀಡಿಯದಲ್ಲಿ ಬಾಯಿಮಾತಿಗೆ ಮನ್ನಣೆಯಿಲ್ಲ. ಎಲ್ಲಿಯಾದರೂ ಪ್ರಕಟವಾದ ಆಧಾರ ಬೇಕು. ಆದುದರಿಂದ ಬಲ್ಲ ಹಿರಿಯರನ್ನು ಕೇಳಿ ಬರೆದುಕೊಂಡು, ಹೇಳಿದವರ ಊರು, ವರ್ಷಗಳ ಸಹಿತ ಜಿಲ್ಲಾ ಪತ್ರಿಕೆಗಳಲ್ಲಿ, ಸ್ಮರಣ ಸಂಚಿಕೆಗಳಲ್ಲಿ, ಇಂಥ ಮಾಸಪತ್ರಿಕೆಗಳಲ್ಲಿ ಮೊದಲು ಅಚ್ಚು ಮಾಡಿಸಬೇಕು. ಅದೇ ನಾಳೆ ಕೋಶಕ್ಕೆ ಆಧಾರವಾದೀತು.

ಬರೆಯುವವರು ಯಾರು? ನಿವೃತ್ತ ಶಿಕ್ಷಕರಿಗೆ ಭಾಷೆಯಿದೆ, ಬಿಡುವಿದೆ. ಮೊಮ್ಮಕ್ಕಳಿಗೆ ಕೀಲಿಮಣೆಯ ಚಾತುರ್ಯವಿದೆ. ಇಬ್ಬರೂ ವಾರಕ್ಕೆ ಒಂದು ಗಂಟೆ ಜೊತೆಗೆ ಕುಳಿತರೆ ಸಾಕು. ಮಾತೆಯರೂ ಸೋದರಿಯರೂ ಮುಂದೆ ಬರಬೇಕು. ವಿಕಿಮೀಡಿಯ ಪ್ರತಿಷ್ಠಾನವು 2011ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಬರೆಯುವವರ ಪೈಕಿ ಮಹಿಳೆಯರು ಶೇಕಡಾ 10ಕ್ಕಿಂತ ಕಡಿಮೆ ಎಂದು ತಿಳಿದುಬಂದಿತ್ತು. ಅಡಿಗೆ, ಆರೈಕೆ, ಹಾಡು, ಹಸೆಗಳ ಅರಿವು ಯಾರ ಬಳಿ ಇದೆಯೋ ಅವರೇ ಬರೆಯದಿದ್ದರೆ ಆ ಅರಿವು ಹೊರಬರುವುದು ಹೇಗೆ?

ಕಡೆಗೆ ಒಂದು ಎಚ್ಚರಿಕೆ. ಇದು ನಮ್ಮ ಮನೆತನ, ನಮ್ಮ ಸಂಸ್ಥೆ, ನಮ್ಮ ಮುಖಂಡರನ್ನು ಹೊಗಳಿಕೊಳ್ಳುವ ವೇದಿಕೆಯಲ್ಲ. ಅಂಥ ಬರಹವನ್ನು ಅಲ್ಲಿಯವರು ಅಳಿಸಿಬಿಡುತ್ತಾರೆ, ಅಳಿಸುವುದೇ ಸರಿ. ಇತರರ ಗ್ರಂಥದಿಂದ ಎತ್ತಿ ಬರೆಯುವುದೂ ಸಲ್ಲದು. ತನ್ನ ಹೆಸರು ಎದ್ದು ಕಾಣಬೇಕೆಂಬ ಹಂಬಲವಿದ್ದವರಿಗೆ ಅಲ್ಲಿ ಸಮಾಧಾನ ದೊರೆಯದು. ಬರೆದುದನ್ನು ಇನ್ನೊಬ್ಬರು ತಿದ್ದಿದಾಗ ಸಿಟ್ಟಾಗದೆ, ಅವರ ತಿದ್ದುಪಡಿ ಸರಿಯೇ ಎಂದು ಪರಿಶೀಲಿಸುವ ಮನಸ್ಸು ಬೇಕು. ದಾಸೋಹದಲ್ಲಿ ಪಾತ್ರೆ ತೊಳೆದವರ ಹೆಸರನ್ನು ಯಾರೂ ಕೇಳುವುದಿಲ್ಲ. ಆದರೆ ಉಂಡವರ ತೃಪ್ತಿಯಲ್ಲಿ ಅವರ ಪಾಲೂ ಇರುತ್ತದೆ. ಓದುಗ ಬಂಧುಗಳು ಈ ತಿಂಗಳು ತಮ್ಮ ಊರಿನ ಲೇಖನ ಕನ್ನಡ ವಿಕಿಪೀಡಿಯದಲ್ಲಿ ಇದೆಯೆ, ಇದ್ದರೆ ಸರಿಯಾಗಿದೆಯೆ ಎಂದು ಮಕ್ಕಳೊಡನೆ ಕುಳಿತು ನೋಡಲಿ. ಒಂದು ತಪ್ಪನ್ನು ಆಧಾರಸಹಿತವಾಗಿ ತಿದ್ದಿದರೂ ಕನ್ನಡಕ್ಕೆ ಒಂದು ಕಾಳು ಕೂಡಿದಂತೆಯೇ ಸರಿ.