ಸಹಿಯೂ ಇದೆ, ನುಸುಳುದಾರಿಯೂ ಇದೆ

ಭಯೋತ್ಪಾದಕರಿಗೆ ಹಣ ಸೇರದಂತೆ ತಡೆಯುವ ವಿಶ್ವಸಂಸ್ಥೆಯ ಒಪ್ಪಂದ ಅಂಗೀಕಾರವಾಗಿದ್ದು 1999ರ ಡಿಸೆಂಬರ್‌ನಲ್ಲಿ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳುವವರೆಗೆ ಅದನ್ನು ಅನುಮೋದಿಸಿದ್ದು ನಾಲ್ಕೇ ದೇಶಗಳು. ಆಮೇಲೆ ನೂಕುನುಗ್ಗಲು. ಆ ನುಗ್ಗಲಿನಲ್ಲಿ ಹಲವು ದೇಶಗಳು ಸಹಿಯ ಜೊತೆಗೆ ತಮ್ಮದೊಂದು ‘ಘೋಷಣೆ’ಯನ್ನೂ ಲಗತ್ತಿಸಿದವು.

2003ರಲ್ಲಿ ಅನುಮೋದಿಸಿದ ಜೋರ್ಡಾನ್, ವಿದೇಶಿ ಆಕ್ರಮಣದ ವಿರುದ್ಧದ ಸಶಸ್ತ್ರ ಹೋರಾಟವನ್ನು ತಾನು ಭಯೋತ್ಪಾದನೆ ಎಂದು ಪರಿಗಣಿಸುವುದಿಲ್ಲ ಎಂದಿತು. ಈಜಿಪ್ಟ್, ಸಿರಿಯಾ ಕೂಡ ಅದೇ ಧಾಟಿಯಲ್ಲಿ ಬರೆದವು. ಒಪ್ಪಂದ ಚಾಪೆ ಕೆಳಗೆ ನುಸುಳುವುದನ್ನು ತಡೆಯಲು ಹೊರಟರೆ, ಇವರು ರಂಗೋಲಿ ಕೆಳಗೇ ದಾರಿ ಮಾಡಿಕೊಂಡರು.

ವಸಾಹತುಶಾಹಿಯ ಏಟು ತಿಂದ ದೇಶಗಳಿಗೆ ವಿಮೋಚನಾ ಹೋರಾಟದ ಬಗ್ಗೆ ಮಮಕಾರ ಇರುವುದು ಸಹಜವೇ. ಆದರೆ ಒಪ್ಪಂದದ 2ನೇ ವಿಧಿಯನ್ನು ಓದಿದರೆ ಈ ವಾದದ ಟೊಳ್ಳುತನ ಕಾಣುತ್ತದೆ. ಈ ಘೋಷಣೆಗಳು ಬೊಟ್ಟು ಮಾಡುವ ಉಪವಿಧಿ ಹೇಳುವುದು, ಜನರನ್ನು ಬೆದರಿಸಲು ಅಥವಾ ಸರ್ಕಾರವನ್ನು ಮಣಿಸಲು ನಾಗರಿಕರನ್ನೋ, ಯುದ್ಧದಲ್ಲಿ ಸಕ್ರಿಯವಾಗಿ ಪಾಲ್ಗೊಳ್ಳದ ಇತರರನ್ನೋ ಕೊಲ್ಲುವ ಕೃತ್ಯಗಳ ಬಗ್ಗೆ. ಯುದ್ಧಭೂಮಿಯಲ್ಲಿ ಕಾದಾಡುತ್ತಿರುವ ಸೈನಿಕನ ಮಾತೇ ಅಲ್ಲಿಲ್ಲ. ಹಾಗಿದ್ದರೆ ಈ ವಿನಾಯಿತಿ ಯಾರಿಗೆ ಬೇಕು? ಬಸ್ಸಿನಲ್ಲಿ ಕೂತವರ ಮೇಲೆ, ಸಂತೆಯಲ್ಲಿ ನಿಂತವರ ಮೇಲೆ ಬಾಂಬ್ ಎಸೆಯುವವನಿಗೆ ಮಾತ್ರ. ರಾಜಕೀಯ, ಧಾರ್ಮಿಕ, ಸೈದ್ಧಾಂತಿಕ ಕಾರಣಗಳು ಇಂಥ ಕೃತ್ಯಕ್ಕೆ ಸಮರ್ಥನೆಯಾಗಲಾರವು ಎಂದು 6ನೇ ವಿಧಿ ಬೇರೆ ಸಾರುತ್ತದೆ.

ಜರ್ಮನಿ, ಫ್ರಾನ್ಸ್, ಬ್ರಿಟನ್‌ನಂಥ ದೇಶಗಳು ಆಕ್ಷೇಪವನ್ನೇನೋ ಸಲ್ಲಿಸಿದವು. ಇವು ಘೋಷಣೆಯ ವೇಷ ತೊಟ್ಟ ಷರತ್ತುಗಳು, ಒಪ್ಪಂದದ ಮೂಲ ಉದ್ದೇಶಕ್ಕೇ ವಿರುದ್ಧ ಎಂಬುದು ಅವುಗಳ ವಾದ. ಆದರೂ ಜರ್ಮನಿಯ ಆಕ್ಷೇಪಪತ್ರದಲ್ಲೇ, ಒಪ್ಪಂದ ಪರಸ್ಪರ ಜಾರಿಯಲ್ಲಿರಲು ಇದರಿಂದ ಅಡ್ಡಿಯಿಲ್ಲ ಎಂಬ ಸಾಲಿದೆ! ಗುಡುಗೂ ಅವರದೇ, ಕೊಡೆಯೂ ಅವರದೇ.

ಭಾರತಕ್ಕೆ ಇದು ದೂರದ ಜಗಳವಲ್ಲ. 2002ರಲ್ಲಿ ಪಾಕಿಸ್ತಾನ, ಇದರ ಸೋದರ ಒಪ್ಪಂದವಾದ ಬಾಂಬ್ ದಾಳಿ ನಿಗ್ರಹ ಒಪ್ಪಂದಕ್ಕೆ ಸೇರುವಾಗ, ಸ್ವಯಂ ನಿರ್ಣಯದ ಹಕ್ಕಿಗಾಗಿ ನಡೆಯುವ ಸಶಸ್ತ್ರ ಹೋರಾಟಗಳಿಗೆ ಅದು ಅನ್ವಯಿಸದು ಎಂದು ಬರೆಯಿತು. ಯಾವ ಕಣಿವೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಭಾರತ ಆಕ್ಷೇಪಿಸಿತು, ಅಮೆರಿಕ, ರಷ್ಯಾ, ಇಸ್ರೇಲ್‌ಗಳೂ ಆಕ್ಷೇಪಿಸಿದವು. ಘೋಷಣೆ ಮಾತ್ರ ಉಳಿಯಿತು. ಭಾರತ 1996ರಲ್ಲಿ ಮಂಡಿಸಿದ ಭಯೋತ್ಪಾದನೆ ವಿರುದ್ಧದ ಸಮಗ್ರ ಒಪ್ಪಂದದ ಕರಡು ಮುಗ್ಗರಿಸಿರುವುದೂ ಮುಖ್ಯವಾಗಿ ಇದೇ ಕಲ್ಲಿಗೆ.

ಪಶ್ಚಿಮದ ಕೈಯೂ ಪೂರ್ತಿ ಶುದ್ಧವಲ್ಲ. ಹಣ ತಡೆಯುವ ಒಪ್ಪಂದಕ್ಕೆ ಸೇರುವಾಗ, ವಿಶೇಷ ಸಂದರ್ಭಗಳಲ್ಲಿ ‘ರಾಜಕೀಯ ಅಪರಾಧ’ದ ಹೆಸರಿನಲ್ಲಿ ಆರೋಪಿಯ ಹಸ್ತಾಂತರ ನಿರಾಕರಿಸುವ ಹಕ್ಕನ್ನು ಬೆಲ್ಜಿಯಂ ಕಾಯ್ದಿರಿಸಿಕೊಂಡಿತ್ತು, ಅದಕ್ಕೆ ಆಕ್ಷೇಪ ಎತ್ತಿದ್ದು ರಷ್ಯಾ.

ಆಕ್ಷೇಪಪತ್ರಗಳಿಗಿಂತ ಹೆಚ್ಚು ಬಿಸಿ ಮುಟ್ಟಿಸಿರುವುದು, ಅಕ್ರಮ ಹಣ ಮತ್ತು ಭಯೋತ್ಪಾದನೆಯ ಹಣದ ಹರಿವಿನ ಮೇಲೆ ಕಣ್ಣಿಡುವ, ಪ್ಯಾರಿಸ್ಸಿನಲ್ಲಿರುವ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಎಟಿಎಫ್. ‘ವಿದೇಶಿ ಆಕ್ರಮಣ, ವಸಾಹತುಶಾಹಿ, ವರ್ಣಭೇದ ಕೊನೆಗಾಣಿಸುವ’ ಗುಂಪುಗಳಿಗೆ ನೀಡಿರುವ ವಿನಾಯಿತಿ ತೆಗೆಯಿರಿ ಎಂದು ಅದು ಇರಾನ್‌ಗೆ ವರ್ಷಗಳಿಂದ ಹೇಳುತ್ತಿದೆ, ಆ ದೇಶವನ್ನು ಕಪ್ಪುಪಟ್ಟಿಯಲ್ಲೂ ಇಟ್ಟಿದೆ. 2018ರಿಂದ 2022ರವರೆಗೆ ಬೂದುಪಟ್ಟಿಯಲ್ಲಿದ್ದ ಪಾಕಿಸ್ತಾನಕ್ಕೂ ಅದರ ಬಿಸಿ ಗೊತ್ತು. ಸಾಲ ದುಬಾರಿಯಾಗುತ್ತದೆ, ಬ್ಯಾಂಕುಗಳು ಹಿಂಜರಿಯುತ್ತವೆ ಎಂದಾಗ ಸರ್ಕಾರಗಳು ಕಿವಿ ನಿಮಿರಿಸುತ್ತವೆ. ಭಾರತ ಒತ್ತಡ ಹಾಕಬೇಕಾದ್ದು ಇಲ್ಲೇ: ಒಂದು ದೇಶ ಒಪ್ಪಂದಕ್ಕೆ ಸೇರಿದೆಯೇ ಎಂದು ನೋಡಿದರೆ ಸಾಲದು, ಜೊತೆಗೆ ಲಗತ್ತಿಸಿದ ಘೋಷಣೆಗೂ ಮೌಲ್ಯಮಾಪನದಲ್ಲಿ ಅಂಕ ಕಳೆಯಬೇಕು.